ಮನೆಯಲ್ಲಿದ್ದವಳ ನೌಕರಿ

ಹುಬ್ಬಳ್ಳಿ
೧೬ ಜೂನ್ ೨೦೦೩

ಪ್ರೀತಿಯ ಇಂದೂ,

ಈ ಕಾಗದವನ್ನು ಪ್ರೂಫ್ ಕಟ್ಟಿನ ನಡುವೆ ಇಟ್ಟಿದ್ದೇನೆ. ಕಟ್ಟನ್ನು ನೀನೇ ಬಿಚ್ಚು. ನಿಜಲಿಂಗಪ್ಪನವರ ಕೈಗೆ ಸಿಕ್ಕರೆ ಕನ್ನಡಕ ಏರಿಸಿಕೊಂಡು ‘ಆಫೀಸ್ ಪಾರ್ಸೆಲ್‌ನ್ಯಾಗ ಖಾಸಗಿ ಪತ್ರವೇನ್ರಿ?’ ಎಂದು ಶುರು ಮಾಡುತ್ತಾರೆ. ವಾರಕ್ಕೊಮ್ಮೆ ಟ್ರಾವೆಲ್ಸ್ ಬಸ್ಸಿನಲ್ಲಿ ಈ ಕಟ್ಟು ಪುಣೆಗೆ ಹೋಗಿ ಬರುವವರೆಗೆ ನಮ್ಮ ಅಂಚೆಯೂ ಇದೇ.

ನಮ್ಮ ಹೊಸ ಹೋಟೆಲಿನ ಹಿಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕ ನನ್ನ ಮೇಜು. ಫೋನು ಬಡಿದುಕೊಳ್ಳುವುದಿಲ್ಲ, ಕೌಂಟರಿನ ಗಾಜು ತಟ್ಟುವವರಿಲ್ಲ. ದೂರಶಿಕ್ಷಣದ ಎರಡನೆಯ ವರ್ಷದ ಅರ್ಥಶಾಸ್ತ್ರದ ಪಾಠಗಳನ್ನು ತಿದ್ದಲು ಅಲ್ಲಿ ಆಫೀಸಿನಲ್ಲಿ ತಿಂಗಳಿಡೀ ಎಳೆದಾಡುತ್ತಿದ್ದೆ. ಇಲ್ಲಿ ಆಗಲೇ ಮುಗಿದವು. ತಿದ್ದಿದ್ದೆಲ್ಲ ಈ ಕಟ್ಟಿನಲ್ಲಿದೆ.

ಆದರೆ ಹೊರಟ ದಿನದ ಸಂಕಟ ಇನ್ನೂ ಹೋಗಿಲ್ಲ. ಇಷ್ಟು ವರ್ಷ ಒಟ್ಟಿಗೆ ಡಬ್ಬಿ ಬಿಚ್ಚಿ ಉಂಡವರಲ್ಲಿ ನೀನು ಮತ್ತು ಭಾಮಾ ಬಿಟ್ಟರೆ ಒಬ್ಬರೂ ಗೇಟಿನವರೆಗೆ ಬರಲಿಲ್ಲ. ಯೂನಿಯನ್ ಕಾರ್ಯದರ್ಶಿ ಎನಿಸಿಕೊಂಡ ನಿಜಲಿಂಗಪ್ಪನವರು ಎಲ್ಲರೆದುರು ಏನಂದರು ನೆನಪಿದೆಯೇ? ‘ಮನ್ಯಾಗ ಕುಂತು ಪಗಾರ ತಗೊಳ್ಳೋದಂದ್ರ ಪೆನ್ಶನ್ನಽ ಆತಲ್ರಿ! ಈ ವಯಸ್ಸಿನ್ಯಾಗ ಯಾರಿಗೆ ಸಿಗತದ?’ ಎಲ್ಲರೂ ನಕ್ಕರು.

ನಾನು ಭಿಕ್ಷೆ ಬೇಡಿದೆನೇ? ಅಲ್ಲಿ ಬಿಬವೇವಾಡಿಯಲ್ಲಿದ್ದ ನಮ್ಮ ಹೋಟೆಲು ರಸ್ತೆ ಅಗಲ ಮಾಡುವಾಗ ಹೋಯಿತು. ಇವರು ಅಣ್ಣನ ಜೊತೆ ಸೇರಿ ಇಲ್ಲಿ ಹೊಸದು ತೆರೆದರು. ಗಂಡನ ಹಿಂದೆ ಬರುವ ಹೆಂಗಸು ರಾಜೀನಾಮೆ ಕೊಡಬೇಕು ಎಂದು ಎಲ್ಲರೂ ಅಂದುಕೊಂಡಿದ್ದರು. ನಾನು ಕೊಡಲಿಲ್ಲ. ಈ ಕೆಲಸವನ್ನು ಮನೆಯಲ್ಲಿ ಕೂತೂ ಮಾಡಬಹುದಲ್ಲ ಎಂದು ಕೇಳಿದೆ. ವಿಭಾಗದ ಮುಖ್ಯಸ್ಥರಾದ ಬಾಳಕೃಷ್ಣ ಸರ್ ತಾವೇ ಒಂದು ವರ್ಷ ನೋಡೋಣ ಎಂದರು. ಕೇಳಿದ್ದೇ ತಪ್ಪಾಯಿತೇ?

ಅಲ್ಲಿ ನನ್ನ ಬಗ್ಗೆ ಏನು ಮಾತಾಡುತ್ತಾರೆ? ಮುಚ್ಚಿಡದೆ ಬರೆ. ನಿನ್ನ ತಾಯಿ ನಾಗವ್ವ ಹೇಗಿದ್ದಾರೆ? ಮಗಳು ಯಶ್ಮಿತಾಗೆ ಹೊಸ ಶಾಲೆ ಸೇರಿಲ್ಲ. ನನ್ನನ್ನು ಬೈಯುವುದಾದರೆ ಇನ್ನೂ ಮರಾಠಿಯಲ್ಲೇ ಬೈಯುತ್ತಾಳೆ.

ನಿನ್ನ
ಲೀಲಾಕ್ಷಿ


ಧನಕವಡಿ, ಪುಣೆ
೧೪ ಜುಲೈ ೨೦೦೩

ಪ್ರಿಯ ಲೀಲಾ,

ತಡವಾಯಿತು. ನಮ್ಮ ದೂರಶಿಕ್ಷಣ ವಿಭಾಗದಲ್ಲಿ ಪ್ರವೇಶದ ತಿಂಗಳು ಎಂದರೆ ಏನೆಂದು ನಿನಗೆ ನಾನು ಹೇಳಬೇಕೇ? ಸಾಲು ಮೆಟ್ಟಿಲಿಳಿದು, ಸೈಕಲ್ ಸ್ಟ್ಯಾಂಡ್ ದಾಟಿ ಗೇಟಿಗೆ ಹೋಗಿದೆ. ಜನ ಹೆಚ್ಚಿದಾಗ ನೀನೂ ಪ್ರೂಫ್ ಬದಿಗಿಟ್ಟು ನನ್ನ ಪಕ್ಕ ಕೌಂಟರಿಗೆ ಬಂದು ಕೂರುತ್ತಿದ್ದೆ. ಈಗ ನಾನೊಬ್ಬಳೇ. ಸಾತಾರಾದಿಂದ ರಾತ್ರಿ ಎಸ್.ಟಿ. ಬಸ್ಸು ಹಿಡಿದು ಬಂದವರು, ಮಗುವನ್ನು ಕಂಕುಳಲ್ಲಿಟ್ಟುಕೊಂಡು ಬಂದ ಹೆಂಗಸರು, ಒಂದೇ ಫೋಟೋ ಕಡಿಮೆಯೆಂದು ಅಳುವ ಹುಡುಗಿಯರು. ನೀರು ಕುಡಿಯಲು ಎದ್ದರೆ ನಾಣ್ಯದಿಂದ ಗಾಜು ಬಡಿಯುತ್ತಾರೆ. ‘ಲೀಲಾ ಮ್ಯಾಡಮ್ ಕುಠೇ?’ ಎಂದು ನೀನೆಲ್ಲಿ ಹೋದೆಯೆಂದು ಕೇಳುವವರಿಗೆ ಉತ್ತರ ಹೇಳಿ ಹೇಳಿ ಬಾಯಿ ನೋಯುತ್ತಿದೆ.

ನಿನ್ನ ಬಗ್ಗೆ ಯಾರೂ ಏನೂ ಮಾತಾಡುವುದಿಲ್ಲ. ಪುರುಸೊತ್ತೆಲ್ಲಿದೆ? ‘ಘರೂನ್ ಕಾಮ್’, ಮನೆಯಿಂದ ಕೆಲಸ, ಎಂದು ಒಂದು ಹೆಸರಿಟ್ಟಿದ್ದಾರೆ, ಅಷ್ಟೇ. ‘ಘರೂನ್ ಕಾಮ್ ಮ್ಯಾಡಮ್‌ದು ಕಟ್ಟು ಬಂತು ನೋಡ್ರಿ’ ಅನ್ನುತ್ತಾರೆ. ನಕ್ಕು ಬಿಟ್ಟುಬಿಡು.

ಇನ್ನೊಂದು ವಿಷಯ. ಕಳೆದ ವಾರ ಒಬ್ಬ ವಿದ್ಯಾರ್ಥಿ ಎದುರಿಗೆ ನಿಂತಿದ್ದಾಗ ಒಂದು ಪಾಠದ ಬಗ್ಗೆ ಕೇಳಲು ನಿನಗೆ ಫೋನ್ ಮಾಡಿದೆ. ಮಧ್ಯಾಹ್ನದ ಹೊತ್ತು. ನಿನ್ನ ಓರಗಿತ್ತಿ ಎತ್ತಿಕೊಂಡು, ‘ಲೀಲಾ ಗಲ್ಲಾದಲ್ಲಿ ಕೂತಿದ್ದಾಳೆ, ಊಟದ ರಶ್ ಉಂಟು, ಆಮೇಲೆ ಮಾಡಿ’ ಎಂದರು. ನಿಜಲಿಂಗಪ್ಪನವರು ನನ್ನ ಪಕ್ಕದಲ್ಲೇ ನಿಂತಿದ್ದರು. ‘ಸ್ನಾನಕ್ಕ ಹೋಗ್ಯಾಳಂತ್ರಿ’ ಎಂದುಬಿಟ್ಟೆ. ನಡು ಮಧ್ಯಾಹ್ನ ಸ್ನಾನ! ಅವರು ಮೀಸೆಯಲ್ಲೇ ನಕ್ಕು ಹೋದರು.

ಆಫೀಸಿನ ಹೊತ್ತಿನಲ್ಲಿ ನೀನು ಹೋಟೆಲಿನ ಗಲ್ಲಾದಲ್ಲಿ ಕೂರುತ್ತೀಯಾ ಲೀಲಾ? ಕೇಳಿದೆ, ಅಷ್ಟೇ.

ಅವ್ವ ಇದ್ದ ಹಾಗೇ ಇದ್ದಾಳೆ. ಸಂಜೆ ನಾನು ಬೇಗ ಹೊರಡಬೇಕು. ಮನೆಯಲ್ಲಿ ಸ್ವಲ್ಪ ಕೆಲಸವಿರುತ್ತದೆ.

ಇಂದೂ


ಹುಬ್ಬಳ್ಳಿ
೪ ಆಗಸ್ಟ್ ೨೦೦೩

ಇಂದೂ,

ನೀನು ಫೋನ್ ಮಾಡಿದ್ದು ಪಾಠದ ವಿಚಾರಕ್ಕೋ, ನನ್ನನ್ನು ಹಿಡಿಯುವುದಕ್ಕೋ?

ಅವತ್ತು ಬಿಲ್ಲು ಬರೆಯುವವ ಬರಲಿಲ್ಲ. ಅರ್ಧ ಗಂಟೆ ಕೂತೆ. ಲೆಕ್ಕ ಬರೆಯುವ ನಿಮ್ಮ ಮೋಹನದಾಸ್ ಕುರ್ಚಿಗೆ ಛತ್ರಿ ನೇತುಹಾಕಿ ಊರೆಲ್ಲ ವಿಮೆ ಪಾಲಿಸಿ ಮಾರಿ ಬರುತ್ತಾನಲ್ಲ, ಅವನಿಗೆ ಯಾರು ಫೋನ್ ಮಾಡಿ ಕೇಳುತ್ತಾರೆ? ಛತ್ರಿ ಅಲ್ಲಿದ್ದರೆ ಅವನು ಆಫೀಸಿನಲ್ಲಿದ್ದಾನೆ. ನಾನು ಕೆಲಸ ಮುಗಿಸಿ, ಕಟ್ಟು ಕಟ್ಟಿ, ಹೊತ್ತಿಗೆ ಮೊದಲೇ ಕಳಿಸಿದರೂ ಸ್ನಾನಕ್ಕೆ ಹೋಗಿದ್ದೇನೆ! ನೀವೆಲ್ಲ ಕ್ಯಾಂಟೀನಿನಲ್ಲಿ ವಡಾಪಾವ್ ಮುಂದಿಟ್ಟುಕೊಂಡು ಕಳೆಯುವ ಹೊತ್ತನ್ನು ನಾನು ಯಾವತ್ತಾದರೂ ಎಣಿಸಿದ್ದೇನೆಯೇ?

ನನ್ನ ಪರವಾಗಿ ಸುಳ್ಳು ಹೇಳಬೇಡ. ನಿನ್ನ ಸುಳ್ಳಿನಿಂದ ನಾನು ಕಳ್ಳಿಯಾದೆ. ‘ಗೊತ್ತಿಲ್ಲ’ ಎಂದಿದ್ದರೆ ಸಾಕಿತ್ತು.

ಬಾಳಕೃಷ್ಣ ಸರ್ ಈಮೇಲ್ ಕಳಿಸಿದ್ದಾರೆ. ವಿಭಾಗದಲ್ಲಿ ಯಾರೂ ಇಷ್ಟು ಬೇಗ, ಇಷ್ಟು ಚೊಕ್ಕವಾಗಿ ಕೆಲಸ ಮಾಡಿಲ್ಲವಂತೆ. ಪ್ರಿಂಟ್ ತೆಗೆಸಿ ನೋಟೀಸ್ ಬೋರ್ಡಿಗೆ ಹಾಕಿಸುತ್ತಾರಂತೆ. ಎಲ್ಲರೂ ಓದಿಕೊಳ್ಳಲಿ. ನೀನೂ ಓದು.

ಇಲ್ಲಿ ಎಲ್ಲ ಚೆನ್ನಾಗಿದೆ. ಮನೆಯವರೆಲ್ಲ ನನ್ನ ಕೆಲಸಕ್ಕೆ ಮರ್ಯಾದೆ ಕೊಡುತ್ತಾರೆ. ನಿಮ್ಮ ಹಾಗಲ್ಲ.

ಲೀಲಾಕ್ಷಿ


ಧನಕವಡಿ, ಪುಣೆ
೨೨ ಸೆಪ್ಟೆಂಬರ್ ೨೦೦೩

ಶ್ರೀಮತಿ ಲೀಲಾಕ್ಷಿ ಅವರಿಗೆ,

ನಿಮ್ಮ ಹೊಗಳಿಕೆಯ ಪತ್ರವನ್ನು ಬೋರ್ಡಿಗೆ ಹಾಕಿದರು. ಓದಿದೆವು. ಗಣಪತಿ ಮುಗಿದ ಮೇಲೆ ಸರ್ ಮೀಟಿಂಗ್ ಕರೆದು ಗಟ್ಟಿಯಾಗಿ ಇನ್ನೊಮ್ಮೆ ಓದಿಸಿದರು. ಬೆಳಗಾವಿಯ ಆ ಮನುಷ್ಯನಿಗೆ ಸಿಹಿ ಮಾತಿಗೆ ಕನ್ನಡ, ಆರ್ಡರಿಗೆ ಮರಾಠಿ ಎಂಬುದು ನಿಮಗೆ ಗೊತ್ತಿರುವುದೇ. ಅವತ್ತು ಪೂರ್ತಿ ಮರಾಠಿ. ಲೀಲಾತಾಯಿ ಒಬ್ಬರೇ ಮನೆಯಲ್ಲಿ ಕೂತು ಇಷ್ಟು ಪಾಠ ಮುಗಿಸುತ್ತಾರೆಂದರೆ ಇಲ್ಲಿ ಇಷ್ಟು ಜನ ಕೂತು ಏನು ಮಾಡುತ್ತಿದ್ದೀರಿ, ಇಷ್ಟು ಜನ ನನಗೇಕೆ ಬೇಕು ಎಂದು ಕೇಳಿದರು.

ಉತ್ತರ ಅವರ ಬಳಿಯೇ ಸಿದ್ಧವಾಗಿತ್ತು. ಆ ಶನಿವಾರ ಭಾಮಾಳನ್ನು ತೆಗೆದರು. ದಿನಗೂಲಿ ಟೈಪಿಸ್ಟ್, ತೆಗೆಯಲು ಒಂದು ಕಾಗದವೂ ಬೇಕಾಗಲಿಲ್ಲ. ಇಷ್ಟು ವರ್ಷ ನಿಮ್ಮ ಪಾಠಗಳನ್ನೆಲ್ಲ ಟೈಪ್ ಮಾಡಿದವಳು. ಕಂಪ್ಯೂಟರಿನ ಮೇಲೆ ಹೊದಿಕೆ ಹಾಕಿ, ಮೂಲೆಗಳನ್ನು ಒಳಗೆ ಸೇರಿಸಿ, ನನ್ನ ಕೌಂಟರಿಗೆ ಬಂದಳು. ‘ಇಂದೂತಾಯಿ, ಮಾಝಂ ಕಾಯ್ ಚುಕಲಂ?’ ಎಂದಳು. ನನ್ನದೇನು ತಪ್ಪಾಯಿತು ಎಂದು ನನ್ನನ್ನು ಕೇಳುತ್ತಾಳೆ! ನಾನು ಅವಳಿಗೆ ಬೋರ್ಡ್ ತೋರಿಸಬೇಕಿತ್ತೇ?

ನಿಜಲಿಂಗಪ್ಪನವರು ಅರ್ಜಿ ಬರೆದಿದ್ದಾರೆ. ಮನೆಯಿಂದ ಕೆಲಸ ಮಾಡುವ ಸವಲತ್ತನ್ನು ಕೂಡಲೇ ರದ್ದು ಮಾಡಬೇಕು, ಸಂಬಂಧಪಟ್ಟವರನ್ನು ಕುರ್ಚಿಗೆ ಕರೆಸಬೇಕು ಎಂದು. ಎಲ್ಲರೂ ಸಹಿ ಹಾಕಿದ್ದಾರೆ.

ಇಂದೂ


ಹುಬ್ಬಳ್ಳಿ
೬ ಅಕ್ಟೋಬರ್ ೨೦೦೩

ಇಂದೂ,

ಇದನ್ನು ಕಟ್ಟಿನಲ್ಲಿ ಹಾಕಿಲ್ಲ. ಅಂಚೆಯಲ್ಲಿ, ನಿನ್ನ ಮನೆಯ ವಿಳಾಸಕ್ಕೆ ಕಳಿಸುತ್ತಿದ್ದೇನೆ.

ಎಲ್ಲರೂ ಸಹಿ ಹಾಕಿದ್ದಾರೆ ಎಂದು ಬರೆದಿದ್ದೀಯ. ಎಲ್ಲರೂ ಎಂದರೆ ನೀನೂನಾ?

ಭಾಮಾಳ ಕೆಲಸ ತೆಗೆದದ್ದು ನಾನಲ್ಲ. ಆ ಪತ್ರ ಬರೆದದ್ದೂ ನಾನಲ್ಲ. ಚೆನ್ನಾಗಿ ಕೆಲಸ ಮಾಡಿದ್ದು ನನ್ನ ಅಪರಾಧವಾದರೆ, ನಿಧಾನವಾಗಿ ಮಾಡಿ ಕೂರುವುದೇ ನಿಮ್ಮ ಯೂನಿಯನ್ನಿನ ನಿಯಮವೇ? ಅವಳನ್ನು ಮನೆಗೆ ಕಳಿಸಿದವನು ಒಳಗಿನ ಕೋಣೆಯಲ್ಲಿ ಕೂತಿದ್ದಾನೆ. ಅವನ ಬಾಗಿಲು ತಟ್ಟುವ ಧೈರ್ಯ ನಿಮಗ್ಯಾರಿಗೂ ಇಲ್ಲ. ಅದಕ್ಕೇ ಹುಬ್ಬಳ್ಳಿಯಲ್ಲಿರುವ ನನ್ನ ಮೇಲೆ ಅರ್ಜಿ.

‘ಶ್ರೀಮತಿ’, ‘ನೀವು’ ಎಲ್ಲ ಬೇಡ. ನೇರವಾಗಿ ಹೇಳು. ಹಾಕಿದೆಯೋ ಇಲ್ಲವೋ?

ಲೀಲಾಕ್ಷಿ


ಹುಬ್ಬಳ್ಳಿ
೧೯ ಜನವರಿ ೨೦೦೪

ಇಂದೂ,

ದೀಪಾವಳಿ ಹೋಯಿತು, ಸಂಕ್ರಾಂತಿಯೂ ಹೋಯಿತು. ಕಟ್ಟುಗಳು ಬರುತ್ತಿವೆ, ಮೇಲೆ ವಿಳಾಸ ಮೋಹನದಾಸನ ಕೈಬರಹದಲ್ಲಿ. ನಿನ್ನಿಂದ ಒಂದು ಗೆರೆಯೂ ಇಲ್ಲ. ಎಳ್ಳುಬೆಲ್ಲದ ಪೊಟ್ಟಣ ಇಟ್ಟಿದ್ದೆ, ಅದು ಯಾರ ಬಾಯಿ ಸೇರಿತೋ.

ಭಾಮಾ ಫೋನ್ ಮಾಡಿದ್ದಳು. ಅವಳು ಈಗಲೂ ನಮ್ಮ ಪಾಠಗಳನ್ನೇ ಟೈಪ್ ಮಾಡುತ್ತಿದ್ದಾಳೆ ಎಂಬುದು ನಿನಗೆ ಗೊತ್ತೇ? ಕೊಂಢವಾ ಬಡಾವಣೆಯ ಒಂದೇ ಕೋಣೆಯ ಮನೆಯಲ್ಲಿ, ಮಂಚದ ಮೇಲೆ ಕಂಪ್ಯೂಟರ್ ಇಟ್ಟುಕೊಂಡು. ನಡುವೆ ಒಬ್ಬ ಗುತ್ತಿಗೆದಾರ ಇದ್ದಾನೆ, ಪುಟಕ್ಕಿಷ್ಟು ಎಂದು ಕೊಡುತ್ತಾನೆ. ರಜೆ ಇಲ್ಲ, ಜ್ವರ ಬಂದರೆ ಕೂಲಿಯೂ ಇಲ್ಲ. ಕಂಪ್ಯೂಟರೂ ಅವಳದೇ, ಸಾಲದ್ದು. ‘ಆತಾ ಮೀ ಪಣ್ ಘರೂನ್ ಕಾಮ್!’, ಈಗ ನಾನೂ ಮನೆಯಿಂದಲೇ, ಎಂದು ನಕ್ಕಳು. ನನಗೆ ನಗಲಾಗಲಿಲ್ಲ.

ಬಾಳಕೃಷ್ಣ ಸರ್ ನನಗೂ ಒಂದು ಕಾಗದ ಕಳಿಸಿದ್ದಾರೆ. ಅದನ್ನು ನಿನಗೆ ಹೇಳಬೇಕೋ ಬೇಡವೋ ತಿಳಿಯುತ್ತಿಲ್ಲ. ಮೊದಲು ನಾನು ಕೇಳಿದ್ದಕ್ಕೆ ಉತ್ತರ ಕೊಡು.

ಲೀಲಾಕ್ಷಿ


ಧನಕವಡಿ, ಪುಣೆ
೯ ಫೆಬ್ರವರಿ ೨೦೦೪

ಲೀಲಾ,

ಹಾಕಿದೆ. ನಿಜಲಿಂಗಪ್ಪನವರ ಸಹಿಯ ಕೆಳಗೆ ನನ್ನದೇ. ಯಾರೂ ಒತ್ತಾಯ ಮಾಡಲಿಲ್ಲ. ಇವತ್ತು ತಂದರೂ ಹಾಕುತ್ತೇನೆ.

ಅವ್ವ ಇದ್ದ ಹಾಗೇ ಇದ್ದಾಳೆ ಎಂದು ಬರೆಯುತ್ತಿದ್ದೆನಲ್ಲ, ಅವಳು ಹಾಗಿಲ್ಲ. ಮರೆವು ಹತ್ತಿದೆ. ನೀನು ಹೋದ ಬೇಸಿಗೆಯಿಂದಲೇ ಶುರುವಾಯಿತು. ನಾವು ಪುಣೆಯಲ್ಲಿದ್ದೇವೆ ಎಂಬುದೇ ತಲೆಯಲ್ಲಿಲ್ಲ. ಸೀರೆಗಳ ಗಂಟು ಕಟ್ಟಿಕೊಂಡು ‘ಗದಗ ಬಸ್ಸು ಎಲ್ಲಿ ನಿಂದರತದ್ರಿ?’ ಎಂದು ಕೇಳುತ್ತ ಕಾತ್ರಜ ರಸ್ತೆಗೆ ಇಳಿಯುತ್ತಾಳೆ. ಲಾರಿಗಳ ನಡುವೆ. ನೋಡಿಕೊಳ್ಳಲು ಇಟ್ಟ ಹೆಂಗಸು ತಿಂಗಳಲ್ಲಿ ಬಿಟ್ಟು ಹೋದಳು. ಆಮೇಲೆ ನಾನು ಹೊರಗಿನಿಂದ ಕೀಲಿ ಹಾಕಿ ಆಫೀಸಿಗೆ ಬರತೊಡಗಿದೆ. ಹೌದು, ಹೆತ್ತ ತಾಯಿಯನ್ನು ಒಳಗೆ ಕೂಡಿ ಹಾಕಿ, ಊರಿನ ಮಕ್ಕಳ ಅರ್ಜಿ ತಗೊಳ್ಳಲು ಬರುತ್ತಿದ್ದೆ.

ಗಣಪತಿ ಮುಗಿದು, ಭಾಮಾ ಹೋದ ಮೇಲೆ ಒಂದು ದಿನ ಅವಳು ಕಿಟಕಿಯ ಸರಳು ಹಿಡಿದು ಕೂಗತೊಡಗಿದಳಂತೆ. ನಮ್ಮ ಕಟ್ಟಡದ ಸೊಸೈಟಿಯವರು ಕೀಲಿ ಒಡೆದರು. ನಾನು ಸಂಜೆ ಬಂದಾಗ ಮೆಟ್ಟಿಲ ತುಂಬ ಜನ. ಓದಿದ ಹೆಂಗಸಾಗಿ ಹೀಗೆ ಮಾಡುತ್ತೀರಾ ಎಂದು ಸೆಕ್ರೆಟರಿ ಎಲ್ಲರೆದುರು ಬೈದ. ಅವ್ವ ನನ್ನ ಕೈ ಹಿಡಿದುಕೊಂಡು ಅವನಿಗೆ, ‘ಈಕಿಗೆ ಬೈಬ್ಯಾಡ್ರಿ. ಭಾಳ ಛಲೋ ಹೆಣಮಗಳು ಅದಾಳ, ದಿನಾ ನನಗ ಉಣ್ಣಾಕ ಹಾಕತಾಳ’ ಎಂದಳು.

ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ ಲೀಲಾ.

ಮರುದಿನ ಸರ್ ಕೋಣೆಗೆ ಹೋದೆ. ಅರ್ಜಿಗಳನ್ನು ಪರಿಶೀಲಿಸುವ ಕೆಲಸವನ್ನು ಮನೆಗೆ ಒಯ್ಯುತ್ತೇನೆ, ವಾರಕ್ಕೆ ಎರಡೇ ದಿನ ಕೊಡಿ, ಉಳಿದ ದಿನಕ್ಕೆ ಯಾರನ್ನಾದರೂ ಹೊಂದಿಸಿಕೊಳ್ಳುತ್ತೇನೆ ಎಂದೆ. ಕನ್ನಡದಲ್ಲೇ ನಕ್ಕರು. ‘ಇಂದೂತಾಯಿ, ಲೀಲಾತಾಯೀದು ಕೆಲಸ ಕಟ್ಟಿನ್ಯಾಗ ಹೋಗತದ. ನಿಮ್ಮ ಕೌಂಟರ್ ನಾ ಹ್ಯಾಂಗ ಕಟ್ಟಿ ಕಳಸ್ಲಿ? ನೀವು ನಮ್ಮ ವಿಭಾಗದ ಮುಖ ಇದ್ದಂಗ. ಇವತ್ತ ನಿಮಗ ಕೊಟ್ರ ನಾಳೆ ಎಲ್ಲಾರೂ ಕೇಳತಾರ.’

ಮುಖವಂತೆ! ಹೊರಗೆ ಬಂದರೆ ಬೋರ್ಡಿನ ಮೇಲೆ ನಿನ್ನ ಹೊಗಳಿಕೆ. ಅದರ ಮುಂದೆಯೇ ನಿಜಲಿಂಗಪ್ಪನವರು ಕಾಗದ ಹಿಡಿದು ನಿಂತಿದ್ದರು. ಪೂರ್ತಿ ಓದಲೂ ಇಲ್ಲ, ಹಾಕಿದೆ.

ಮನೆಯಲ್ಲಿ ಕೂತು ಮಾಡುವ ಕೆಲಸ ಕೆಟ್ಟದ್ದು ಎಂದು ನಾನು ಒಂದು ದಿನವೂ ಅಂದುಕೊಂಡಿಲ್ಲ. ಅದು ನನಗೆ ಬೇಕಿತ್ತು, ನಿನಗೆ ಸಿಕ್ಕಿತು. ನೀನು ಸುಖವಾಗಿದ್ದೇನೆ, ಮರ್ಯಾದೆ ಕೊಡುತ್ತಾರೆ ಎಂದು ಬರೆಯುತ್ತಿದ್ದೆ. ಅವ್ವನ ವಿಷಯ ನಿನಗೆ ಯಾವ ಬಾಯಿಂದ ಹೇಳಲಿ? ಹೇಳಿದ್ದರೆ ನೀನು ‘ಅಯ್ಯೋ’ ಎಂದು ಬರೆಯುತ್ತಿದ್ದೆ, ಕಿಟಕಿಯ ಪಕ್ಕದ ಮೇಜಿನಿಂದ.

ಇಂದೂ


ಹುಬ್ಬಳ್ಳಿ
೧ ಮಾರ್ಚ್ ೨೦೦೪

ಇಂದೂ,

ನಾನು ಅಯ್ಯೋ ಎನ್ನುವುದಿಲ್ಲ. ನನಗೆ ಸಿಟ್ಟು ಬಂದಿದೆ. ನಾಗವ್ವ ನನ್ನ ಕೈಗೂ ಜೋಳದ ರೊಟ್ಟಿ ಹಾಕಿದವರು. ನಾನು ಏನು ಹೇಳುತ್ತೇನೆಂದು ನೀನೇ ತೀರ್ಮಾನಿಸಿ, ನೀನೇ ಮುನಿಸಿಕೊಂಡು, ನನ್ನ ನೌಕರಿಯ ಮೇಲೆ ಸಹಿ ಹಾಕಿದೆ. ಅದನ್ನು ನಾನು ಮರೆಯುವವಳಲ್ಲ.

ಕಿಟಕಿಯ ಪಕ್ಕದ ಮೇಜು ದಸರೆಗೇ ಹೋಯಿತು. ಅಲ್ಲಿ ಹೋಟೆಲಿನ ದೊಡ್ಡ ಫ್ರಿಜ್ ಬಂತು. ನಾನು 'ಚೆನ್ನಾಗಿದೆ' ಎಂದು ಬರೆದಾಗಲೇ ಅದಕ್ಕೆ ಅಳತೆ ತೆಗೆದಿದ್ದರು. ಈಗ ನನ್ನ ಕಂಪ್ಯೂಟರು ಉಗ್ರಾಣದಲ್ಲಿ, ಅಕ್ಕಿ ಮೂಟೆಗಳ ನಡುವೆ. ಪ್ರೂಫಿನ ಮೇಲೆ ಮೆಣಸಿನ ಪುಡಿ ಕೂರುತ್ತದೆ, ಸೀನುತ್ತ ತಿದ್ದುತ್ತೇನೆ. ಒಂದು ಪುಟ ಮುಗಿಯುವುದರೊಳಗೆ ಇವರ ದನಿ: ‘ಲೀಲಾ, ಒಂದು ಐದು ನಿಮಿಷ ಬಾ ಮಾರಾಯ್ತಿ, ನೀನು ಹೇಗೂ ಮನೆಯಲ್ಲೇ ಇದ್ದೀಯಲ್ಲ.’ ಕಾಯಿ ತುರಿಯುವುದು, ಗಲ್ಲಾ, ಗ್ಯಾಸಿನವ, ಮಾವನ ಔಷಧಿ, ಓರಗಿತ್ತಿ ಉಮಾವತಿಯ ಮಕ್ಕಳು. ಎಲ್ಲವೂ ಐದೈದು ನಿಮಿಷ. ಮನೆ ಮಲಗಿದ ಮೇಲೆ ನನ್ನ ಆಫೀಸು ಶುರು. ಮೇಜು ಇದ್ದಾಗಲೂ, ಸರ್ ಹೊಗಳಿದ ಆ ಚೊಕ್ಕ ಕೆಲಸ ಮಾಡಿದ್ದು ಹೀಗೆ ರಾತ್ರಿಯಲ್ಲೇ.

ಕಳೆದ ತಿಂಗಳು ಊರಿನಿಂದ ನೆಂಟರು ಬಂದಿದ್ದರು. ಇವರು ನನ್ನನ್ನು ತೋರಿಸಿ, ‘ಪುಣೆಯಲ್ಲಿ ಕೆಲಸದಲ್ಲಿದ್ದಳು, ಬಿಟ್ಟಳು. ಈಗ ಸುಮ್ಮನೆ ಹೊತ್ತು ಹೋಗಲಿಕ್ಕೆ ಎಂತದೋ ಟೈಪ್ ಮಾಡುದು’ ಎಂದರು. ನಾನು ಕಾಫಿ ತಟ್ಟೆ ಹಿಡಿದು ನಿಂತಿದ್ದೆ. ‘ಬಿಟ್ಟಿಲ್ಲ’ ಎಂದೆ. ‘ಹಾಂ, ಅದೇ, ಅದೇ’ ಎಂದು ಲೋಟ ತೆಗೆದುಕೊಂಡರು.

ಸರ್ ಕಳಿಸಿದ ಕಾಗದದ ಪ್ರತಿ ಇದರ ಜೊತೆಗಿದೆ. ನಾನು ಸ್ವಂತ ಇಚ್ಛೆಯಿಂದ ರಾಜೀನಾಮೆ ಕೊಡಬೇಕಂತೆ. ಜೂನ್‌ನಿಂದ ಅದೇ ಕೆಲಸ, ಇದೇ ಮನೆಯಲ್ಲಿ, ಭಾಮಾಳಿಗೆ ಕೆಲಸ ಕೊಡುವ ಅದೇ ಗುತ್ತಿಗೆದಾರನ ಕೈಕೆಳಗೆ. ಕೊನೆಯ ಸಾಲನ್ನು ಸರಿಯಾಗಿ ಓದು. ಈ ವ್ಯವಸ್ಥೆಯನ್ನು ಹಂತಹಂತವಾಗಿ ವಿಭಾಗದ ಉಳಿದ ಮೇಜುಗಳಿಗೂ ವಿಸ್ತರಿಸಲಾಗುವುದು ಎಂದಿದೆ. ಫೋನಿನಲ್ಲಿ ಸರ್ ಭಾಳ ಸಿಹಿಯಾಗಿ, ‘ನೀವು ಹ್ಯಾಂಗೂ ಮನ್ಯಾಗಽ ಇರತೀರಲ್ಲ’ ಎಂದರು. ನನ್ನ ಗಂಡನೂ ಅದನ್ನೇ ಹೇಳುತ್ತಾನೆ, ನನ್ನ ಸಾಹೇಬನೂ ಅದನ್ನೇ ಹೇಳುತ್ತಾನೆ. ಮನೆಯಲ್ಲಿದ್ದರೆ ಹೆಂಗಸಿನ ಕೆಲಸ ಕೆಲಸವೇ ಅಲ್ಲ, ಇಬ್ಬರಿಗೂ.

ಇವರು ಸಹಿ ಹಾಕು ಎನ್ನುತ್ತಿದ್ದಾರೆ. ನಾನು ಹಾಕಿಲ್ಲ. ಈ ಪ್ರತಿಯನ್ನು ನಿನ್ನ ನಿಜಲಿಂಗಪ್ಪನವರಿಗೆ ಕೊಡು. ಮೊದಲು ಅವರೇ ನಗಲಿ.

ಲೀಲಾ


ಧನಕವಡಿ, ಪುಣೆ
೧೯ ಏಪ್ರಿಲ್ ೨೦೦೪

ಲೀಲಾ,

ನಿಜಲಿಂಗಪ್ಪನವರು ನಗಲಿಲ್ಲ. ಎರಡು ಸಲ ಓದಿ, ‘ನಾ ಮೊದಲಽ ಹೇಳಿದ್ದಿಲ್ಲೇನ್ರಿ?’ ಎಂದರು.

‘ಇಲ್ರಿ. ನೀವು ಹೇಳಿದ್ದು ಲೀಲಾ ಕುರ್ಚಿಗೆ ಬರಲಿ ಅಂತ. ಇಲ್ಲಿ ಕುರ್ಚಿನಽ ತಗೀಲಾಕ ಹತ್ಯಾರ’ ಎಂದೆ. ಆಗ ಕೂತರು.

ಎಲ್ಲರೂ ಒಟ್ಟಿಗೆ ಸರ್ ಕೋಣೆಗೆ ಹೋದೆವು. ಮೋಹನದಾಸ್ ಕೂಡ ಛತ್ರಿ ಬಿಟ್ಟು ಬಂದ. ನಿಜಲಿಂಗಪ್ಪನವರೇ ಮಾತು ತೆಗೆದರು. ‘ಮನ್ಯಾಗ ಕುಂತು ಮಾಡೂ ಕೆಲಸ ನನಗ ಸೇರೂದಿಲ್ರಿ ಸಾಹೇಬ್ರ. ಇವತ್ತೂ ಸೇರೂದಿಲ್ಲ. ಆದ್ರ ಆಕಿ ನಮ್ಮಾಕಿ. ಆಕಿ ನೌಕರಿಗೆ ಕೈ ಹಚ್ಚಬ್ಯಾಡ್ರಿ.’

ಸರ್ ಡ್ರಾಯರ್ ಎಳೆದು ನಮ್ಮದೇ ಅರ್ಜಿ ತೆಗೆದು ಮೇಜಿನ ಮೇಲಿಟ್ಟರು. ‘ಮತ್ತ ಇದೇನು? ಬಂದ್ ಮಾಡ್ರಿ ಅಂತ ಬರದವರು ಯಾರು? ಇಂದೂತಾಯಿ, ನಿಮ್ಮ ಸಹಿ ಅಲ್ಲೇನು ಇದು?’

‘ನಂದಽರಿ. ನನಗ ಕೊಡಲಿಲ್ಲಂತ ಮಾಡೀನಿ. ಯಾರಿಗೆ ಅಗತ್ಯ ಅದ ಅವರಿಗೆಲ್ಲಾ ಕೊಡ್ರಿ, ನಿಯಮ ಮಾಡಿ ಕೊಡ್ರಿ. ಪಗಾರ, ರಜಾ, ಪೆನ್ಶನ್ ಇದ್ದಂಗ ಇರಲಿ. ನೀವು ಒಬ್ಬರಿಗೆ ಕೊಟ್ಟು ಅವರನ್ನ ಹೊಗಳಿ ನಮ್ಮನ್ನ ಬಡದ್ರಿ, ಈಗ ಅವರನ್ನೂ ಬಡೀತೀರಿ’ ಎಂದೆ.

‘ನಿಮಗೇನು ಅಗತ್ಯ ಅದ?’ ಎಂದು ಕೇಳಿದರು. ನಾನು ಅದೇ ಕುರ್ಚಿಯ ಮುಂದೆ ನಿಂತು ಹೇಳಿದ್ದು ಅವರಿಗೆ ನೆನಪೂ ಇರಲಿಲ್ಲ. ಆಗ ಎಲ್ಲರೆದುರೂ ಹೇಳಿಬಿಟ್ಟೆ. ಅವ್ವ, ಕೀಲಿ, ಕಿಟಕಿಯ ಸರಳು, ಎಲ್ಲ. ಯಾರಿಗೂ ಗೊತ್ತಿರಲಿಲ್ಲ. ನಿಜಲಿಂಗಪ್ಪನವರು ಗೋಡೆಯ ಕಡೆ ತಿರುಗಿ ನಿಂತರು. ಸರ್ ಗಡಿಯಾರ ನೋಡಿಕೊಂಡು, ‘ನೋಡೂಣು’ ಎಂದರು.

ನೋಡಿದ್ದು ಇಷ್ಟು. ನಿನ್ನೆ ಮೊನ್ನೆ ಸುತ್ತೋಲೆ ಬಂದಿದೆ, ನಿನಗೂ ತಲುಪುತ್ತದೆ. ಕಾಯಂ ನೌಕರರನ್ನು ಗುತ್ತಿಗೆಗೆ ಹಾಕುವುದಿಲ್ಲ. ಅದರ ಜೊತೆಗೆ, ಮನೆಯಿಂದ ಕೆಲಸ ಯಾರಿಗೂ ಇಲ್ಲ, ಯಾವ ಕಾರಣಕ್ಕೂ ಇಲ್ಲ. ನೀನು ಜೂನ್ ಒಂದರಂದು ಹಾಜರಾಗಬೇಕು, ಇಲ್ಲದಿದ್ದರೆ ರಾಜೀನಾಮೆ ಎಂದು ತಿಳಿಯುತ್ತಾರೆ. ಭಾಮಾಳ ಹೆಸರು ಎಲ್ಲೂ ಇಲ್ಲ.

ಗೆದ್ದೆವು ಎಂದು ಮೋಹನದಾಸ್ ಪೇಡೆ ಹಂಚಿದ. ನಾನು ಮುಟ್ಟಲಿಲ್ಲ. ನಾವು ಬಾಗಿಲು ತೆರೆಯಿರಿ ಎಂದರೆ ಆ ಮನುಷ್ಯ ಕಿಟಕಿಯನ್ನೂ ಮುಚ್ಚಿದ. ನಾನು ಈಗಲೂ ಬೆಳಿಗ್ಗೆ ಕೀಲಿ ಹಾಕಿಯೇ ಹೊರಡುತ್ತೇನೆ. ಪಕ್ಕದ ಮನೆಯವರು ನಡುನಡುವೆ ಇಣುಕುತ್ತಾರೆ. ಸೆಕ್ರೆಟರಿಗೆ ಗೊತ್ತಾಗದ ಹಾಗೆ.

ನೀನು ಏನು ಮಾಡುತ್ತೀಯೋ ನನಗೆ ತಿಳಿಯದು. ಬಾ ಎನ್ನುವ ಮುಖ ನನಗಿಲ್ಲ.

ಇಂದೂ


ಹುಬ್ಬಳ್ಳಿ
೧೭ ಮೇ ೨೦೦೪

ಇಂದೂ,

ಸುತ್ತೋಲೆ ಬಂತು. ಬರುತ್ತೇನೆ.

ಇವರಿಗೆ ಹೇಳಿದಾಗ ಮೊದಲು ನಂಬಲಿಲ್ಲ. ಆಮೇಲೆ ಕೂಗಾಡಿದರು. ‘ನೀನು ಹೋದರೆ ಇಲ್ಲಿ ಯಾರು ನೋಡುದು? ಗಲ್ಲಾ ಯಾರು? ಅಪ್ಪಯ್ಯನ ಔಷಧಿ ಯಾರು? ಬೆಳಿಗ್ಗೆ ಕಾಯಿ ತುರಿಯುದು ಯಾರು?’

‘ಸುಮ್ಮನೆ ಹೊತ್ತು ಹೋಗಲಿಕ್ಕೆ ಟೈಪ್ ಮಾಡುವವಳು ಹೋದರೆ ಹೋಟೆಲಿಗೆ ಎಂತ ಕಡಿಮೆ?’ ಎಂದೆ.

ಅವತ್ತಿನಿಂದ ಮಾತು ಬಿಟ್ಟಿದ್ದಾರೆ. ಬಿಡಲಿ. ತಿಂಗಳಿಗೊಮ್ಮೆ ಬಂದು ಹೋಗುತ್ತೇನೆ ಎಂದು ಅವರ ಬೆನ್ನಿಗೆ ಹೇಳಿದ್ದೇನೆ. ಮದುವೆಯಾದ ಮೇಲೆ ಇಷ್ಟು ದೊಡ್ಡ ಜಗಳ ಆಡಿದ್ದಿಲ್ಲ. ರಾತ್ರಿ ನಿದ್ದೆ ಬರುವುದಿಲ್ಲ, ಆದರೆ ಉಗ್ರಾಣದ ದೀಪ ಹಾಕಿ ಕೂರಬೇಕಾಗಿಯೂ ಇಲ್ಲ. ಉಮಾವತಿ ನನ್ನ ಪೆಟ್ಟಿಗೆಗೆ ಹಲಸಿನ ಹಪ್ಪಳ ತುಂಬುತ್ತ, ಯಾರೂ ಇಲ್ಲದಾಗ, ‘ನಾನೂ ಟೈಪಿಂಗ್ ಪಾಸು ಮಾಡಿದ್ದೆ, ನಿನಗೆ ಗೊತ್ತುಂಟಾ?’ ಎಂದಳು. ಒಂದೇ ಮನೆಯಲ್ಲಿದ್ದು ನನಗೆ ಗೊತ್ತಿರಲಿಲ್ಲ.

ಯಶ್ಮಿತಾ ನನ್ನ ಜೊತೆ ಬರುತ್ತಾಳೆ. ಬಾಡಿಗೆಗೆ ಒಂದು ಕೋಣೆ ನೋಡು. ನಿಮ್ಮ ಸೊಸೈಟಿಯಲ್ಲಿ ಬೇಡ, ಆ ಸೆಕ್ರೆಟರಿಯ ಮುಖ ಕಂಡರೆ ನಾನು ಸುಮ್ಮನಿರುವವಳಲ್ಲ. ಪಕ್ಕದ ಗಲ್ಲಿಯಾದರೂ ಆದೀತು. ಬಂದ ಮೊದಲ ಭಾನುವಾರ ಕೊಂಢವಾಕ್ಕೆ ಹೋಗಿ ಭಾಮಾಳನ್ನು ನೋಡೋಣ. ಅವಳು ನಮ್ಮಿಬ್ಬರಿಗೂ ಬೈಯಲಿ. ಬೈಸಿಕೊಂಡು, ಅವಳ ಅರ್ಜಿಯನ್ನು ನಾವೇ ಬರೆಯೋಣ. ನಿಜಲಿಂಗಪ್ಪನವರು ಮೊದಲ ಸಹಿ ಹಾಕಲಿ, ಯೂನಿಯನ್ ಎಂದರೆ ಕಾಯಂ ಕುರ್ಚಿಯವರದು ಮಾತ್ರವೇ ಎಂದು ನಾನೇ ಕೇಳುತ್ತೇನೆ.

ನಿನ್ನ ಮೇಲಿನ ಸಿಟ್ಟು ಹೋಗಿಲ್ಲ. ಕಾಗದದಲ್ಲಿ ಹೋಗುವಂಥದ್ದಲ್ಲ ಅದು, ಎದುರು ಕೂತು ಜಗಳ ಆಡಿಯೇ ಹೋಗಬೇಕು. ಆಡೋಣ, ಪುರುಸೊತ್ತು ಮಾಡಿಕೊಂಡು.

ಈಗ ಮುಖ್ಯವಾದದ್ದನ್ನು ಕೇಳು. ಜೂನ್ ಒಂದು ಮಂಗಳವಾರ. ಪ್ರವೇಶ ಶುರುವಾಗಿರುತ್ತದೆ. ಸೋಮವಾರ ಸಂಜೆ ಪರಿಶೀಲನೆಯ ಅರ್ಜಿಗಳನ್ನು ಚೀಲದಲ್ಲಿ ಹಾಕಿಕೊಂಡು ಮನೆಗೆ ಒಯ್ದುಬಿಡು. ಮಂಗಳವಾರ ನೀನು ಬರಬೇಡ. ಬಾಗಿಲು ತೆರೆದಿಟ್ಟು ನಾಗವ್ವನ ಪಕ್ಕ ಕೂತು ಅರ್ಜಿ ನೋಡು. ಕೌಂಟರಿನಲ್ಲಿ ನಾನಿರುತ್ತೇನೆ. ಶುಕ್ರವಾರವೂ ಹಾಗೆಯೇ. ಉಳಿದ ದಿನ ನೀನು ಕೌಂಟರಿಗೆ, ನಾನು ಪ್ರೂಫಿಗೆ. ಸುತ್ತೋಲೆ ಹೊರಡಿಸಿದವರು ಬೇಕಾದರೆ ಇಬ್ಬರನ್ನೂ ತೆಗೆಯಲಿ, ಗೇಟಿನವರೆಗಿನ ಸಾಲನ್ನು ಅವರೇ ಬಂದು ನೋಡಿಕೊಳ್ಳಲಿ.

ಬಾಳಕೃಷ್ಣ ಸರ್ ಹೊರಗೆ ಬರುತ್ತಾರೆ. ಇಂದೂತಾಯಿ ಎಲ್ಲಿ ಎಂದು ಕೇಳುತ್ತಾರೆ. ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವ ಹಾಗೆ ಹೇಳುತ್ತೇನೆ, ಮನೆಯಲ್ಲಿ ಕೆಲಸ ಮಾಡುತ್ತಿದ್ದಾಳೆ ಎಂದು.

ಲೀಲಾ